ಕಕ್ಕಡ ಹದಿನೆಂಟರ ಮರುದಿನ

ಗೋಣಿಕೊಪ್ಪದ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಶಿಬಿರ.
ಪಂಚಾಂಗ ನೋಡದೆ ಯಾರೋ ದಿನ ಗೊತ್ತುಮಾಡಿದ್ದಾರೆ.
ಬೆಳಿಗ್ಗೆ ಎಂಟೂವರೆಗೆ ನನ್ನ ಲ್ಯಾಬಿನ ಕಿಟಕಿಯ ಮೇಲೆ
ಏಳು ಬಾಟಲಿ,
ಏಳರಲ್ಲೂ ಮೂತ್ರ ಕೆಂಪು.

ಡಾಕ್ಟರ್ ಹೂಗಾರರು ವಿಜಯಪುರದವರು,
ಇಲ್ಲಿಗೆ ಬಂದು ಇಪ್ಪತ್ತು ದಿನ.
ಒಂದನ್ನೆತ್ತಿ ಬೆಳಕಿಗೆ ಹಿಡಿದರು, ಬಿಳಿಚಿಕೊಂಡರು.
'ಸಿಸ್ಟರ್, ಊರಿಗೆ ಊರಾ ಏನೋ ಆಗೇತ್ರಿ.'

ಆಗಿರುವುದು ಮದ್ದುಸೊಪ್ಪು ಸಾರ್, ಅಂದೆ.
ಹದಿನೆಂಟು ಬಗೆಯ ಮದ್ದು ಒಂದೇ ಎಲೆಯಲ್ಲಿ
ಬಂದು ಕೂರುವ ದಿನವಂತೆ ನಿನ್ನೆ.
ಕುದಿಸಿದರೆ ನೀರು ನೇರಳೆ,
ಆ ನೀರಲ್ಲಿ ಅಕ್ಕಿ ಬೇಯಬೇಕು, ಬೆಲ್ಲ, ಕಾಯಿಹಾಲು,
ಮೇಲೆ ಒಂದು ಚಮಚ ಜೇನು.
ತಿಂದವರೆಲ್ಲ ಇವತ್ತು ಕೆಂಪಗೆ ಹೋಗುತ್ತಾರೆ, ನಾಳೆ ತಿಳಿ.
ನಿಮಗೂ ಎದುರುಮನೆಯಿಂದ ಬಟ್ಟಲು ಬಂದಿತ್ತಲ್ಲ?

ಅವರು ಕುರ್ಚಿ ಎಳೆದು ಕೂತರು.
ಬೆಳಗಿನ ಜಾವದಿಂದ ಯಾರಿಗೂ ಹೇಳದೆ
ಒಬ್ಬರೇ ಹೆದರಿಕೊಂಡಿದ್ದರಂತೆ.

ಸರತಿಯಲ್ಲಿ ಪೇಪರು ಕೈಯಿಂದ ಕೈಗೆ ಹೋಗುತ್ತಿದೆ,
ಆರೋಗ್ಯದ ಪುಟ ಮೇಲೆ.
ಮೊಟ್ಟೆಯ ಹಳದಿಗೆ ಮತ್ತೆ ಬಿಡುಗಡೆ,
ಬಿಳಿ ಅಕ್ಕಿಗೆ ಈ ವಾರವೂ ಜಾಮೀನಿಲ್ಲ.
ನೀಲವ್ವನಿಗೆ ಎಪ್ಪತ್ತೊಂದು, ಸಕ್ಕರೆ ಇನ್ನೂರ ಹನ್ನೊಂದು.
ದಿನಕ್ಕೆ ಎಷ್ಟು ಕಡಂಬುಟ್ಟು ತಿಂತೀರಿ, ಎಂದು ಕೇಳಿದೆ.
'ಎಣಿಸಲಿಕ್ಕೆ ಅದೇನು ಮಾತ್ರೆಯಾ?'
ನಿವೃತ್ತ ಹವಾಲ್ದಾರ್ ಉತ್ತಯ್ಯ ಎದೆ ಸೆಟೆಸಿ ಹೇಳಿದರು:
ಕಾಚಂಪುಳಿ ಕೊಬ್ಬು ಕರಗಿಸುತ್ತದೆಂದು ಓದಿದಂದಿನಿಂದ
ಅದನ್ನು ಒಂದು ಬಿಂದೂ ಕಡಿಮೆ ಮಾಡಿಲ್ಲ,
ಅದು ವ್ಯರ್ಥವಾಗಬಾರದೆಂದು
ಹಂದಿಯನ್ನು ಎರಡು ಪಾಲು ಹೆಚ್ಚಿಸಿದ್ದಾರೆ.

ಎಂಟನೆಯ ಬಾಟಲಿ ಹನ್ನೊಂದಕ್ಕೆ ಬಂತು.
ತಿಳಿ. ನೀರಿನಷ್ಟು ತಿಳಿ.
ತಿತಿಮತಿ ಕಡೆಯ ಹಾಡಿಯಿಂದ ಚೋಮಿ, ಜೊತೆಗೆ ಮಗಳು ಸಜಿತ,
ಹನ್ನೆರಡು ವರ್ಷ,
ಶಾಲೆಯ ಪ್ರಾರ್ಥನೆಯಲ್ಲಿ ಎರಡು ಸಲ ಬಿದ್ದವಳು.
ನೀವು ಸೊಪ್ಪು ತಿನ್ನಲಿಲ್ವಾ?
'ಕೊಯ್ದದ್ದೇ ನಾನು,' ಅಂದಳು ಚೋಮಿ.
ತೋಟದ ಬೇಲಿಯುದ್ದಕ್ಕೂ ಬಗ್ಗಿ, ಮೂವತ್ತು ಕಟ್ಟು,
ಕಟ್ಟಿಗೆ ಹತ್ತು ರೂಪಾಯಿ,
ಮಧ್ಯಾಹ್ನಕ್ಕೆ ಬುಟ್ಟಿ ಖಾಲಿ.
ಒಂದು ಕಟ್ಟು ಉಳಿಸಿಕೊಳ್ಳಬಹುದಿತ್ತು.
ಬೆಲ್ಲ ಇರಲಿಲ್ಲ. ಕಾಯಿಯೂ.

ಹುಡುಗಿಯ ಬೆರಳಿಗೆ ಸೂಜಿ ತಾಗಿಸಿದೆ.
ಒತ್ತಬೇಕಾಯಿತು, ಮತ್ತೆ ಒತ್ತಬೇಕಾಯಿತು.
ಬಂದ ಹನಿ
ಹಾಲು ಹೆಚ್ಚಾದ ಚಹಾದ ಹಾಗಿತ್ತು.
ಆರು ಪಾಯಿಂಟ್ ಎಂಟು.
ಕಿಟಕಿಯ ಏಳು ಬಾಟಲಿಯ ಕಡೆ
ನಾನು ನೋಡಲಿಲ್ಲ.

ಡಾಕ್ಟರ್ ಬರೆದರು: ಕಬ್ಬಿಣದ ಮಾತ್ರೆ, ಮೊಟ್ಟೆ,
ರಾಗಿ, ಹಸಿರು ಸೊಪ್ಪು.
ಸೊಪ್ಪು ಎಂದಾಗ ಚೋಮಿ ತಲೆಯಾಡಿಸಿದಳು,
ನಗಲಿಲ್ಲ.
'ಮೊದಲು ಗದ್ದೆ ಬದುವಲ್ಲಿ ಏಡಿ ಸಿಗ್ತಿತ್ತು.
ಮದ್ದು ಹೊಡೆದ ಮೇಲೆ ಇಲ್ಲ.'
ಹೂಗಾರರು ಪೆನ್ನು ನಿಲ್ಲಿಸಿ ಕೇಳಿದರು, 'ಯಾವ ಮದ್ದು?'
ಅವಳು ಗೋಡೆಯ ಆಚೆ, ತೋಟಗಳ ಕಡೆ, ಕೈ ತೋರಿಸಿದಳು.
ಅವರಿಗೆ ಅರ್ಥವಾಯಿತೋ ಇಲ್ಲವೋ.
ಎಲೆಯೂ ಮದ್ದೇ, ಡ್ರಮ್ಮಿನಲ್ಲಿ ಬರುವುದೂ ಮದ್ದೇ,
ಇವಳ ಚೀಟಿಯಲ್ಲಿರುವುದೂ.

ನನ್ನ ಡಬ್ಬಿಯಲ್ಲಿ ನಿನ್ನೆಯ ಪಾಯಸ ಉಳಿದಿತ್ತು,
ಮಧ್ಯಾಹ್ನಕ್ಕೆಂದು ತಂದದ್ದು.
ಕೊಟ್ಟೆ. ದೊಡ್ಡ ಕೆಲಸವಲ್ಲ,
ಇದರಿಂದ ಅಂಕಿ ಏರುವುದಿಲ್ಲವೆಂದು ಗೊತ್ತಿದೆ ನನಗೆ.
ನಾಳೆ ಕೆಂಪಗೆ ಹೋದರೆ ಹೆದರಬೇಡ, ಅಂದೆ.
'ರಕ್ತ ಬರ್ತದಾ?' ಎಂದಳು ಸಜಿತ, ಆಸೆಯಿಂದೆಂಬಂತೆ.
ಇಲ್ಲ, ಅದಕ್ಕೆ ಮೂರು ತಿಂಗಳು ಬೇಕು,
ಮಾತ್ರೆ ತಪ್ಪಿಸಬಾರದು.

ಅವಳು ಡಬ್ಬಿಯ ಸ್ಟೀಲು ಮುಚ್ಚಳದಲ್ಲಿ
ತನ್ನ ನಾಲಿಗೆ ನೋಡಿಕೊಂಡಳು. ನೇರಳೆ.
ಚೋಮಿ ಡಬ್ಬಿಯ ತಳ ಮೂಸಿ, 'ಸೊಪ್ಪು ಯಾರ ಹತ್ರ ತಗೊಂಡಿರಿ?' ಅಂದಳು.
ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ, ಕಟ್ಟಿಗೆ ಮೂವತ್ತು.
'ಬಾಳೆನಾರಲ್ಲಿ ಕಟ್ಟಿತ್ತಾ?'
ಹೌದು.
'ಹಾಗಾದರೆ ನಂದೇ.'